ಕಣ್ಣು ಕಾಣದ ಮಗಳನ್ನು ಬೇಸಿಗೆ ಶಿಬಿರಕ್ಕೆ ಕಳಿಸಬಹುದೇ?

ಧೈರ್ಯವಾಗಿ ಕಳಿಸಿ. ಮಗಳಿಗೆ 11 ವರ್ಷ, ದೃಷ್ಟಿ ಇಲ್ಲ, ಉಡುಪಿಯಲ್ಲಿ ಮೇ ತಿಂಗಳು ನಡೆಯುವ ಜೀವನ ಕೌಶಲ ಶಿಬಿರಕ್ಕೆ ಸೇರಿಸಿದರೆ ಕೈ ಸುಟ್ಟುಕೊಂಡಾಳೋ, ಬಿದ್ದಾಳೋ ಎಂದು ಕೇಳಿದ್ದೀರಿ. ಮಂಗಳೂರಿನ ಇಂಥ ಶಿಬಿರಗಳಲ್ಲಿ ಮಕ್ಕಳಿಗೆ ಬಿಳಿ ಕೋಲು ಹಿಡಿದು ನಡೆಯುವುದನ್ನು ಕಲಿಸುವವಳು ನಾನು. ನಿಮ್ಮ ಭಯ ನನಗೆ ಅರ್ಥವಾಗುತ್ತದೆ.

ಒಲೆಯ ಕೆಲಸಕ್ಕೂ ಒಂದು ಕ್ರಮವಿದೆ. ಪಾತ್ರೆ ಸರಿಯಾಗಿ ಕೂತಿದೆಯೇ ಎಂದು ಒಲೆ ತಣ್ಣಗಿದ್ದಾಗಲೇ ಮುಟ್ಟಿ ನೋಡಿ, ಆಮೇಲೆ ಗ್ಯಾಸ್ ಹಚ್ಚುವುದು. ಲೋಟ ತುಂಬುತ್ತಾ ಬಂದಂತೆ ನೀರಿನ ಸದ್ದು ಏರುತ್ತದೆ, ಅದನ್ನು ಕೇಳಿಯೇ ಮಕ್ಕಳು ಸುರಿಯುವುದನ್ನು ನಿಲ್ಲಿಸುತ್ತಾರೆ. ತಟ್ಟೆಯನ್ನು ಗಡಿಯಾರ ಎಂದುಕೊಂಡು 6ರಲ್ಲಿ ಅನ್ನ, 12ರಲ್ಲಿ ಪಲ್ಯ ಎಂದು ಹೇಳಿದರೆ ಸಾಕು, ಯಾರೂ ಕಲಸಿ ಕೊಡಬೇಕಾಗಿಲ್ಲ. ಮೆಟ್ಟುಕತ್ತಿಯಲ್ಲಿ ನೀಟಾಗಿ ಕಾಯಿ ತುರಿಯುವ ಹುಡುಗರನ್ನೂ ನೋಡಿದ್ದೇನೆ.

ದುಡ್ಡಿನ ವಿಷಯ ಸ್ವಲ್ಪ ಕಷ್ಟ. ಹೊಸ 100ರ ನೋಟು 142 ಮಿ.ಮೀ. ಉದ್ದ, 200ರದ್ದು 146, 500ರದ್ದು 150. ಬರೀ 4 ಮಿ.ಮೀ. ವ್ಯತ್ಯಾಸ ಬೆರಳಿಗೆ ಸಿಗಲು ಅಭ್ಯಾಸ ಬೇಕು. ಮುಟ್ಟಿ ಗುರುತಿಸಲೆಂದು ಅಂಚಿನಲ್ಲಿ ಇರುವ ಉಬ್ಬುಗೆರೆಗಳು ಹಳೆಯ ನೋಟಿನಲ್ಲಿ ಸವೆದಿರುತ್ತವೆ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ 'ಮಣಿ' ಆ್ಯಪ್ ನೋಟನ್ನು ಗುರುತಿಸಿ ಹೇಳುತ್ತದೆ, ಇಂಟರ್‌ನೆಟ್ ಬೇಡ. ಆದರೂ ಬೆರಳಿಗೇ ಮೊದಲು ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಫೋನ್ ಚಾರ್ಜ್ ಮುಗಿದರೆ ಏನು ಮಾಡುವುದು?

ಸೇರಿಸುವ ಮೊದಲು ಶಿಬಿರದವರನ್ನು ಇಷ್ಟು ಕೇಳಿ: ಮಕ್ಕಳನ್ನು ನಿಜವಾದ ರಸ್ತೆಗೆ, ಸಿಟಿ ಬಸ್ಸಿಗೆ, ಅಂಗಡಿಗೆ ಕರೆದುಕೊಂಡು ಹೋಗುತ್ತೀರಾ? ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು? ಹಾಡು, ನೃತ್ಯ, ಕೊನೆಯ ದಿನ ವೇದಿಕೆ ಕಾರ್ಯಕ್ರಮ ಮಾತ್ರ ಇದ್ದರೆ ಅದು ಸಂತೋಷವೇ, ಆದರೆ ನಿಮಗೆ ಬೇಕಾದದ್ದು ಅಲ್ಲಿ ಸಿಗುವುದಿಲ್ಲ. ಕೋಲು ಹಿಡಿದು ನಡೆಯುವುದನ್ನೇ ನೋಡಿ: ಎಡಗಾಲು ಮುಂದಿಟ್ಟಾಗ ಕೋಲಿನ ತುದಿ ಬಲಕ್ಕೆ, ಬಲಗಾಲಿಟ್ಟಾಗ ಎಡಕ್ಕೆ ತಾಗಬೇಕು. ಇದು ಅಂಗಳದಲ್ಲಿ ಬೇಗ ಬರುತ್ತದೆ. ಆದರೆ ಸರ್ವಿಸ್ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಕಂಡಕ್ಟರ್ ಕೂಗು ಹಿಡಿದು ತನ್ನ ಬಸ್ಸಿನ ಬಾಗಿಲು ಹುಡುಕುವುದು ಅಲ್ಲಿಗೇ ಹೋಗಿ ಕಲಿಯಬೇಕಾದ್ದು.

ಇನ್ನೊಂದು ಮಾತು. ಮೇ ತಿಂಗಳಲ್ಲಿ ಕಲಿತ ದಾರಿ ಜೂನ್‌ನಲ್ಲಿ ಬೇರೆಯದೇ ಆಗಿರುತ್ತದೆ. ನಮ್ಮ ಕರಾವಳಿಯ ಮಳೆ ಕೊಡೆಯ ಮೇಲೆ ಬಿದ್ದರೆ ವಾಹನದ ಸದ್ದೇ ಕೇಳುವುದಿಲ್ಲ, ಒಂದು ಕೈಯಂತೂ ಕೊಡೆಗೇ ಹೋಯಿತು. ಹಾಗಾಗಿ ರೈನ್‌ಕೋಟ್ ಕೊಡಿಸಿ, ಶಾಲೆಯ ದಾರಿಯನ್ನು ಮಳೆಯಲ್ಲಿ ಇನ್ನೊಮ್ಮೆ ಜೊತೆಗೆ ನಡೆದು ಅಭ್ಯಾಸ ಮಾಡಿಸಿ. ಮನೆಯಲ್ಲಿ ಸಾಮಾನಿನ ಜಾಗ ಬದಲಿಸಿದರೆ ಅವಳಿಗೆ ಹೇಳಿ. ಶಿಬಿರ ಮುಗಿಸಿ ಬಂದವಳು ಚಹಾ ಮಾಡುತ್ತೇನೆ ಎಂದರೆ, ಅಜ್ಜಿ ಎಷ್ಟೇ ಬೇಡವೆಂದರೂ, ಮಾಡಲು ಬಿಡಿ.