ಕೋಸು, ಸಜ್ಜೆ ಮತ್ತು ಉಪ್ಪಿನ ಡಬ್ಬಿ

ಜಗಳೂರು ತಾಲ್ಲೂಕಿನ ಒಬ್ಬ ತಾಯಿ ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಸಂಗತಿ ಇಷ್ಟು: ಅವರ 34 ವರ್ಷದ ಮಗಳಿಗೆ ಕತ್ತಿನಲ್ಲಿ ಗಂಟು ಕಾಣಿಸಿತು. ಸೂಜಿ ಹಾಕಿ ನೋಡಿದಾಗ ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್ ಎಂದು ಬಂತು. ದಾವಣಗೆರೆಯಲ್ಲಿ ಆಪರೇಷನ್ ಆಗಿ ಗ್ರಂಥಿಯನ್ನು ಪೂರ್ತಿ ತೆಗೆದಿದ್ದಾರೆ. ಇನ್ನು ಕೆಲವೇ ದಿನಕ್ಕೆ ರೇಡಿಯೋ ಅಯೋಡಿನ್, ಅಂದರೆ ವಿಕಿರಣ ಸೂಸುವ ಅಯೋಡಿನ್ ಔಷಧಿ, ಕೊಡುವುದಿದೆ. ನೋಡಲು ಬಂದ ನೆಂಟರೊಬ್ಬರು ಮೊಬೈಲ್ ತೆಗೆದು ಒಂದು ಪಟ್ಟಿ ತೋರಿಸಿದರಂತೆ. ಎಲೆಕೋಸು, ಹೂಕೋಸು, ಮೂಲಂಗಿ, ಸೋಯಾ, ಸಜ್ಜೆ, ಅಗಸೆ: ಇವನ್ನು ತಿನ್ನುವ ಹೆಂಗಸರಿಗೇ ಥೈರಾಯ್ಡ್ ಕ್ಯಾನ್ಸರ್ ಹಿಡಿಯುವುದಂತೆ. ಅವತ್ತೇ ಅಗಸೆ ಚಟ್ನಿಪುಡಿಯ ಡಬ್ಬಿ ತಿಪ್ಪೆಗೆ ಹೋಯಿತು. "ಇಷ್ಟು ವರ್ಷ ಈ ಕೈಯಿಂದಲೇ ಕೋಸಿನ ಪಲ್ಯ ಬಡಿಸಿದೆ, ಮಗಳಿಗೆ ನಾನೇ ವಿಷ ಇಟ್ಟೆನೇನೋ" ಎಂದು ಬರೆದಿದ್ದಾರೆ.

ಇಲ್ಲ ತಾಯಿ, ನೀವು ಇಟ್ಟಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಡಾಕ್ಟರಲ್ಲ. ಚಿಕಿತ್ಸೆಯ ಮಾತು ಬಂದರೆ ನಿಮ್ಮ ಡಾಕ್ಟರ ಮಾತೇ ಕೊನೆಯದು. ಆದರೆ ನಿಮ್ಮ ಕಾಗದದ ನಾಲ್ಕನೇ ಪುಟದಲ್ಲಿ, ಅಂಚಿನಲ್ಲಿ, ಬೇರೇನೋ ಹೇಳುತ್ತಾ ಒಂದು ಸಾಲು ಬರೆದಿದ್ದೀರಿ. ಅದನ್ನು ಓದಿದ ಮೇಲೆ ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದ ಈ ಉತ್ತರವನ್ನು ಈ ಸಂಚಿಕೆಗೇ ತಂದಿದ್ದೇನೆ. ಆ ಸಾಲಿಗೆ ಆಮೇಲೆ ಬರುತ್ತೇನೆ.

ಆ ಪಟ್ಟಿ ಬರೀ ಸುಳ್ಳಲ್ಲ. ಬೇರೆ ಬೇರೆ ಕಡೆಯ ಅರ್ಧರ್ಧ ನಿಜಗಳನ್ನು ತಂದು ಒಂದೇ ದಾರಕ್ಕೆ ಪೋಣಿಸಿದ್ದಾರೆ, ತೊಂದರೆ ಅಲ್ಲಿದೆ. ಕೋಸಿನ ಕಥೆ 1928ರಷ್ಟು ಹಳೆಯದು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಬೇರೆ ಯಾವುದೋ ಪ್ರಯೋಗಕ್ಕೆಂದು ಸಾಕಿದ ಮೊಲಗಳಿಗೆ ದಿನವೂ ಎಲೆಕೋಸೇ ಮೇವು. ನೋಡನೋಡುತ್ತ ಮೊಲಗಳ ಕತ್ತು ಊದಿತು, ಗಳಗಂಡ. ಕೋಸು, ಮೂಲಂಗಿ, ಸಾಸಿವೆಯ ಜಾತಿಯ ಗಿಡಗಳಲ್ಲಿ ಗಂಧಕ ಸೇರಿದ ಕೆಲವು ವಸ್ತುಗಳಿವೆ. ಎಲೆಯನ್ನು ಹೆಚ್ಚಿದಾಗ, ಅಗಿದಾಗ ಅವು ಒಡೆದು, ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರಿಕೊಳ್ಳುವುದಕ್ಕೂ ಹಾರ್ಮೋನು ಮಾಡುವುದಕ್ಕೂ ಅಡ್ಡ ಬರುವ ವಸ್ತುಗಳಾಗುತ್ತವೆ. ಹಾಗೆ ಒಡೆಯಲು ಎಲೆಯಲ್ಲೇ ಇರುವ ಒಂದು ಕಿಣ್ವ ಬೇಕು. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. 2010ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲಿ 88 ವರ್ಷದ ಚೀನೀ ಅಜ್ಜಿಯೊಬ್ಬರ ವರದಿ ಬಂತು. ತಿಂಗಳುಗಟ್ಟಲೆ ದಿನಕ್ಕೆ ಒಂದರಿಂದ ಒಂದೂವರೆ ಕಿಲೋ ಕೋಸಿನ ಜಾತಿಯ ಸೊಪ್ಪನ್ನು ಹಸಿಯಾಗಿ ತಿಂದು, ಥೈರಾಯ್ಡ್ ಕುಸಿದು, ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದ್ದರು. ಆ ಅಜ್ಜಿಗೂ ಕ್ಯಾನ್ಸರ್ ಆಗಿರಲಿಲ್ಲ. ನೀವು ಕಡ್ಲೆಬೇಳೆ ಹಾಕಿ ಬೇಯಿಸಿ, ಒಗ್ಗರಣೆ ಕೊಟ್ಟು, ಕಾಯಿ ಉದುರಿಸಿ, ವಾರಕ್ಕೊಮ್ಮೆ ರೊಟ್ಟಿಯ ಪಕ್ಕಕ್ಕೆ ಎರಡು ಸೌಟು ಬಡಿಸಿದ ಪಲ್ಯ ಎಲ್ಲಿ, ದಿನಕ್ಕೆ ಒಂದೂವರೆ ಕಿಲೋ ಹಸಿ ಸೊಪ್ಪು ಎಲ್ಲಿ!

ಸಜ್ಜೆಯ ಕಥೆ ಸುಡಾನಿನದು. ಅಲ್ಲಿನ ಡಾರ್ಫರ್ ಸೀಮೆಯ ಹಳ್ಳಿಗಳಲ್ಲಿ ಮೂರು ಹೊತ್ತೂ ಸಜ್ಜೆಯೇ, ಗಳಗಂಡವೂ ಮನೆಮನೆಗೆ. 1989ರಲ್ಲಿ ಗೈಟಾನ್ ಎಂಬ ಸಂಶೋಧಕರು ಮತ್ತು ಜೊತೆಗಾರರು ಸಜ್ಜೆಯಲ್ಲಿರುವ ಫ್ಲೇವೋನ್ ಎಂಬ ಗುಂಪಿನ ವಸ್ತುಗಳು ಹಾರ್ಮೋನು ತಯಾರಿಕೆಯನ್ನು ತಡೆಯುತ್ತವೆ ಎಂದು ತೋರಿಸಿದರು. ಸಜ್ಜೆಗೆ ಆ ಬೂದು ಬಣ್ಣ ಕೊಡುವುದೂ ಇವೇ. ಹುಳಿ ಮಜ್ಜಿಗೆಯಲ್ಲಿ ನೆನೆಹಾಕಿದರೆ ಕಾಳು ಬೆಳ್ಳಗಾಗುವುದನ್ನು ನಮ್ಮ ಹೆಂಗಸರು ಯಾವ ಪ್ರಯೋಗಾಲಯವೂ ಇಲ್ಲದೆ ಕಂಡಿದ್ದಾರೆ. ಆದರೆ ಆ ಹಳ್ಳಿಗಳಲ್ಲಿ ಅಯೋಡಿನ್ನಿಗೂ ಬರವಿತ್ತು. ನಮ್ಮ ಕಡೆ ಒಂದು ದಿನ ಜೋಳದ ರೊಟ್ಟಿ, ಒಂದು ದಿನ ಮುದ್ದೆ, ಒಂದು ದಿನ ಅನ್ನ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಒಂದೇ ಧಾನ್ಯಕ್ಕೆ ಕಟ್ಟುಬಿದ್ದ ಹೊಟ್ಟೆಯಲ್ಲ ನಮ್ಮದು.

ಇವೆರಡೂ ಗಳಗಂಡದ ಮಾತು, ಕ್ಯಾನ್ಸರಿನದಲ್ಲ. ಅದು ಬೇರೆ ಇದು ಬೇರೆ ಎಂಬುದನ್ನು ಆ ಪಟ್ಟಿ ಮಾಡಿದವರು ಮರೆತರು, ಅಥವಾ ಹೆದರಿಸಲು ಅನುಕೂಲವೆಂದು ಮರೆಮಾಚಿದರು.

ಸೋಯಾ ಮತ್ತು ಅಗಸೆಯ ವಿಷಯ ಇನ್ನೂ ತಮಾಷೆ. ಈ ಕ್ಯಾನ್ಸರ್ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಹಾಗಾಗಿ ಹೆಣ್ಣಿನ ಹಾರ್ಮೋನು ಈಸ್ಟ್ರೋಜನ್ ಮೇಲೆ ಸಂಶೋಧಕರಿಗೆ ಮೊದಲಿಂದಲೂ ಅನುಮಾನ. ಕೆಲವು ಗಿಡಗಳಲ್ಲಿ ಈಸ್ಟ್ರೋಜನ್ನನ್ನೇ ಹೋಲುವ, ಅದರ ಜಾಗದಲ್ಲಿ ಹೋಗಿ ಕೂರಬಲ್ಲ ವಸ್ತುಗಳಿವೆ, ಫೈಟೋಈಸ್ಟ್ರೋಜನ್ ಎನ್ನುತ್ತಾರೆ. ಸೋಯಾದಲ್ಲಿ ಅವು ಐಸೋಫ್ಲೇವೋನ್ ರೂಪದಲ್ಲಿ, ಅಗಸೆಯಲ್ಲಿ ಲಿಗ್ನಾನ್ ರೂಪದಲ್ಲಿ. ಲಿಗ್ನಾನ್ ಇರುವ ಕಾಳುಗಳಲ್ಲಿ ಅಗಸೆಯನ್ನು ಮೀರಿಸಿದ್ದಿಲ್ಲ, ಎಳ್ಳೂ ಅದೇ ಸಾಲಿನದು. ಇವು ಅಪಾಯವೋ ಆಸರೆಯೋ ನೋಡೋಣವೆಂದು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಥೈರಾಯ್ಡ್ ಕ್ಯಾನ್ಸರ್ ಆದ 608 ಹೆಂಗಸರನ್ನೂ ಆಗದ 558 ಹೆಂಗಸರನ್ನೂ ಕೂರಿಸಿ ಏನು ತಿನ್ನುತ್ತಿದ್ದಿರಿ ಎಂದು ಕೇಳಿದರು. 2002ರಲ್ಲಿ ಫಲಿತಾಂಶ ಬಂತು. ಸೋಯಾ ಹೆಚ್ಚು ತಿನ್ನುವವರಲ್ಲಿ ಕ್ಯಾನ್ಸರ್ ಕಡಿಮೆ! ಅಗಸೆಯಲ್ಲಿರುವ ಮುಖ್ಯ ಲಿಗ್ನಾನ್ ಹೆಚ್ಚು ಸೇವಿಸಿದವರಲ್ಲೂ ಹಾಗೆಯೇ. ಕುದುರೆಮೆಂತೆಯ ಮೊಳಕೆ ತಿನ್ನುವವರಲ್ಲೂ ಕಡಿಮೆ. ನಮ್ಮಲ್ಲಿ ಅದನ್ನು ದನಕ್ಕೆ ಹಾಕುತ್ತೇವೆ, ಅವರು ಬ್ರೆಡ್ಡಿನ ನಡುವೆ ಇಟ್ಟು ತಿನ್ನುತ್ತಾರೆ.

ಅಂದರೆ ನೀವು ತಿಪ್ಪೆಗೆ ಎಸೆದಿದ್ದು ಔಷಧಿಯೇ? ಹಾಗೂ ಅಲ್ಲ. ಕಾಯಿಲೆ ಬಂದ ಮೇಲೆ ಹಿಂದೆ ತಿಂದದ್ದನ್ನು ನೆನಪಿಸಿಕೊಳ್ಳಿ ಎಂದರೆ ನೆನಪು ಒಂದೇ ಥರ ಇರುವುದಿಲ್ಲ. ನಿಮ್ಮನ್ನೇ ತೆಗೆದುಕೊಳ್ಳಿ, ಮಗಳ ಆಪರೇಷನ್ನಿಗೆ ಮುಂಚೆ ಯಾರಾದರೂ ಕೇಳಿದ್ದರೆ ಕೋಸಿನ ಪಲ್ಯ ಇಷ್ಟು ನೆನಪಿಗೆ ಬರುತ್ತಿತ್ತೇ? ಸೋಯಾ ತಿನ್ನುವವರು ಬೇರೆ ರೀತಿಯಲ್ಲೂ ಆರೋಗ್ಯ ನೋಡಿಕೊಳ್ಳುವವರಾಗಿರಬಹುದು. ಒಂದು ಅಧ್ಯಯನ ಹಿಡಿದು ಅಗಸೆಯನ್ನು ಔಷಧಿ ಅಂಗಡಿಗೆ ಕಳಿಸುವುದು, ಒಂದು ಪಟ್ಟಿ ಹಿಡಿದು ತಿಪ್ಪೆಗೆ ಕಳಿಸುವುದು ಎರಡೂ ಒಂದೇ ಅವಸರ. ಅಗಸೆಯ ಜಾಗ ಅಡುಗೆಮನೆ. ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಗೆ ಹಾಕಿದಾಗ ಮೊದಲು ಸುಮ್ಮನಿದ್ದು, ಆಮೇಲೆ ಚಟಪಟ ಎಂದು ಮೊಣಕೈವರೆಗೆ ಸಿಡಿಯುತ್ತದಲ್ಲ, ಆ ಹದಕ್ಕೆ ಇಳಿಸಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ ಸೇರಿಸಿ ಕುಟ್ಟಿದರೆ ಆಯಿತು. ಹುರಿಯುವುದರಿಂದ ಅದರೊಳಗಿನ ಸಯನೈಡ್ ಅಂಶವೂ ತಗ್ಗುತ್ತದೆ. ಹಸಿ ಅಗಸೆಯನ್ನು ಮುಷ್ಟಿ ಮುಷ್ಟಿ ನುಂಗುವ ಹೊಸ ಚಾಳಿಗಿಂತ ನಿಮ್ಮ ಚಟ್ನಿಪುಡಿ ಸಾವಿರ ಪಾಲು ಮೇಲು.

ನಿಮ್ಮ ಮಗಳ ಮಟ್ಟಿಗೆ ಇನ್ನೊಂದು ಮಾತು. ಗ್ರಂಥಿಯನ್ನೇ ತೆಗೆದಿದ್ದಾರೆ. ಇಲ್ಲದ ಗ್ರಂಥಿಗೆ ಕೋಸು ಅಡ್ಡಿ ಮಾಡುವುದು ಹೇಗೆ? ಇನ್ನು ಮೇಲೆ ಅವರಿಗೆ ಹಾರ್ಮೋನು ಬರುವುದು ಬೆಳಗಿನ ಮಾತ್ರೆಯಿಂದ. ಸೋಯಾ ಆ ಮಾತ್ರೆಯನ್ನು ಕರುಳು ಹೀರಿಕೊಳ್ಳುವುದಕ್ಕೆ ಅಡ್ಡ ಬರುತ್ತದೆ, ಕಾಫಿಯೂ ಬರುತ್ತದೆ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಂತೂ ಬಹಳ. ಮಾತ್ರೆ ಖಾಲಿ ಹೊಟ್ಟೆಗೆ ನೀರಿನ ಜೊತೆ, ತಿಂಡಿ ಕಾಫಿ ಅರ್ಧ ಒಂದು ಗಂಟೆ ಬಿಟ್ಟು, ಕ್ಯಾಲ್ಸಿಯಂ ಕಬ್ಬಿಣ ನಾಲ್ಕು ಗಂಟೆ ಬಿಟ್ಟು. ಎದ್ದ ಕೂಡಲೇ ಕಾಫಿ ಲೋಟ ಹುಡುಕುವ ನನ್ನಂಥವರಿಗೆ ಇದು ಕಷ್ಟವೇ ಸರಿ.

ಈಗ ಅಂಚಿನ ಆ ಸಾಲು. "ಡಾಕ್ಟ್ರು ಅಯೋಡಿನ್ ಉಪ್ಪು ಬೇಡ ಅಂದ್ರು, ಅದಕ್ಕೆ ಮನೆಮಂದಿಗೆಲ್ಲ ಸೈಂಧವ ಲವಣ ತಂದೀವಿ, ಸೊಸೆ ನಾಲ್ಕು ತಿಂಗಳ ಬಸುರಿ, ಅಕಿಗೂ ಒಳ್ಳೇದಂತ."

ತಾಯಿ, ನಿಮ್ಮ ನಾಲ್ಕು ಪುಟದಲ್ಲಿ ನನ್ನನ್ನು ಹೆದರಿಸಿದ ಸಾಲು ಇದೊಂದೇ.

ಡಾಕ್ಟರು ಹೇಳಿದ್ದು ಸರಿ, ಆದರೆ ಮಗಳಿಗೆ ಮಾತ್ರ, ಕೆಲವು ದಿನಕ್ಕೆ ಮಾತ್ರ. ಉಳಿದಿರಬಹುದಾದ ಥೈರಾಯ್ಡ್ ಕಣಗಳು ಚಿಕಿತ್ಸೆಯ ವಿಕಿರಣ ಅಯೋಡಿನ್ನನ್ನು ಹಸಿದು ಹೀರಿಕೊಳ್ಳಲಿ ಎಂದು ಅದಕ್ಕೆ ಮುಂಚೆ ಒಂದೆರಡು ವಾರ ಊಟದ ಅಯೋಡಿನ್ ಕಡಿಮೆ ಮಾಡಿಸುತ್ತಾರೆ. ಅದು ಚಿಕಿತ್ಸೆಯ ಪಥ್ಯ, ಮನೆತನದ ಪಥ್ಯವಲ್ಲ. ಹೊಟ್ಟೆಯಲ್ಲಿರುವ ಕೂಸಿನ ಮೆದುಳು ಬೆಳೆಯುವುದು ಥೈರಾಯ್ಡ್ ಹಾರ್ಮೋನಿನ ಬಲದಿಂದ. ಮೊದಲ ತಿಂಗಳುಗಳಲ್ಲಿ ಅದು ಪೂರ್ತಿ ತಾಯಿಯದು. ಆಮೇಲೆ ಕೂಸು ತಾನೇ ಮಾಡಿಕೊಳ್ಳಲು ಶುರು ಮಾಡಿದರೂ ಅಯೋಡಿನ್ ತಾಯಿಯ ಊಟದಿಂದಲೇ ಬರಬೇಕು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು, ಬಸುರಿಗೆ 250 ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಯೋಡಿನ್ ಬೆರೆಸದ ಸೈಂಧವ ಲವಣದಲ್ಲಿ ಅದು ಇದ್ದೂ ಇಲ್ಲದಷ್ಟು. ಕೆಂಪಗೆ ಚೆಂದ ಕಾಣುತ್ತದೆ, ಬೆಲೆಯೂ ಜಾಸ್ತಿ, ಅಷ್ಟೇ.

ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕೆಲವು ಹಳ್ಳಿಗಳಿಗೆ ಅಯೋಡಿನ್ ಬೆರೆಸಿದ ಉಪ್ಪು, ಕೆಲವಕ್ಕೆ ಬರೀ ಉಪ್ಪು ಕೊಟ್ಟು ನೋಡಿದರು. ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಇಳಿಯುತ್ತ ಬಂತು. ಅದರ ಬೆನ್ನಿಗೇ 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂದದ್ದು. ತಿನ್ನಲು ಮಾರುವ ಉಪ್ಪಿಗೆ ಅಯೋಡಿನ್ ಕಡ್ಡಾಯ ಎಂಬ ಕಾನೂನು 2006ರಿಂದ ಮತ್ತೆ ಜಾರಿಯಲ್ಲಿದೆ. ಮನೆಗೆ ಬರುವ ಹೊತ್ತಿಗೆ ಒಂದು ಗ್ರಾಂ ಉಪ್ಪಿನಲ್ಲಿ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕು. ಬಾಯಿ ತೆರೆದ ಭರಣಿಯಲ್ಲಿ, ಒಲೆಯ ಪಕ್ಕದಲ್ಲಿ ಇಟ್ಟರೆ ಅದೂ ಹಾರಿಹೋಗುತ್ತದೆ.

ಹೋದ ವರ್ಷ ಪರಿಚಯದ ಆಶಾ ಕಾರ್ಯಕರ್ತೆಯೊಬ್ಬರು ಉಪ್ಪು ಪರೀಕ್ಷೆಯ ಪುಟ್ಟ ಬಾಟಲಿ ಹಿಡಿದು ನಮ್ಮ ಕಚೇರಿಗೆ ಬಂದಿದ್ದರು. ಮೂರು ಚಮಚದಲ್ಲಿ ಮೂರು ಉಪ್ಪು ಇಟ್ಟೆವು. ಪ್ಯಾಕೆಟ್ ಪುಡಿ ಉಪ್ಪಿಗೆ ಒಂದು ಹನಿ ಬಿದ್ದ ಕೂಡಲೇ ನೇರಳೆ ಹಣ್ಣು ಹಿಸುಕಿದಂಥ ಬಣ್ಣ. ನಮ್ಮ ಮನೆಯ ಹರಳುಪ್ಪಿಗೆ ತೆಳು ನೀಲಿ, ಕಣ್ಣು ಕಿರಿದು ಮಾಡಿ ನೋಡಬೇಕು. ನಮ್ಮ ಪ್ರೂಫ್ ನೋಡುವ ಹುಡುಗ ಆರೋಗ್ಯಕ್ಕೆಂದು ತಂದಿಟ್ಟುಕೊಂಡಿದ್ದ ಸೈಂಧವ ಲವಣ ಹನಿ ಬಿದ್ದರೂ ಹಾಗೆಯೇ ಕೂತಿತ್ತು. ಅವನು ಇನ್ನೊಂದು ಹನಿ ಹಾಕಿಸಿದ. ಬಣ್ಣ ಬರಲಿಲ್ಲ.

ನೋಡಿ, ನಿಮ್ಮ ಕೋಸಿನ ಪ್ರಶ್ನೆಯೂ ಇಲ್ಲಿಗೇ ಬಂದು ಸೇರುತ್ತದೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಹೆಂಗಸರಲ್ಲಿ ಥೈರಾಯ್ಡ್ ಕ್ಯಾನ್ಸರ್ ವಿಪರೀತ. ಅಲ್ಲಿನ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕೋಸಿನ ಜಾತಿಯ ತರಕಾರಿ ಹೆಚ್ಚು ತಿನ್ನುವುದಕ್ಕೂ ಕ್ಯಾನ್ಸರಿಗೂ ನಂಟು ಕಂಡಿದ್ದು ಅಯೋಡಿನ್ ಕಡಿಮೆ ಸೇವಿಸುವ, ಅಂದರೆ ದಿನಕ್ಕೆ 96 ಮೈಕ್ರೋಗ್ರಾಂಗಿಂತ ಕಡಿಮೆ ಸಿಗುತ್ತಿದ್ದ ಹೆಂಗಸರಲ್ಲಿ. ಕೋಸನ್ನು ಹೊರಗೆ ಹಾಕಿ ಅದರ ಜೊತೆಗೆ ಅಯೋಡಿನ್ನನ್ನೂ ಹೊರಗೆ ಹಾಕಿದ್ದೀರಿ ನೀವು. ಕಳ್ಳನೆಂದು ಅನುಮಾನಿಸಿ ನೆಂಟನನ್ನು ಓಡಿಸುವ ಗಡಿಬಿಡಿಯಲ್ಲಿ ಕಾವಲುಗಾರನನ್ನೂ ಓಡಿಸಿದ ಹಾಗೆ.

ಎರಡನೇ ಮಗಳಿಗೂ ಸೊಸೆಗೂ ಸ್ಕ್ಯಾನ್ ಮಾಡಿಸಲೇ ಎಂದು ಕೇಳಿದ್ದೀರಿ. ಏನೂ ತೊಂದರೆ ಇಲ್ಲದವರಿಗೆ ಸುಮ್ಮನೆ ಬೇಡ. ದಕ್ಷಿಣ ಕೊರಿಯಾದಲ್ಲಿ ಜನ ಬೇರೆ ತಪಾಸಣೆಗೆ ಹೋದಾಗ ಜೊತೆಗೊಂದು ಕತ್ತಿನ ಸ್ಕ್ಯಾನನ್ನೂ ಮಾಡಿಸಿಕೊಳ್ಳತೊಡಗಿದರು. 2011ರಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ರ 15 ಪಟ್ಟು. ಸಾಯುವವರ ಸಂಖ್ಯೆ ಮಾತ್ರ ಇದ್ದಷ್ಟೇ ಇತ್ತು. ಜೀವನಪೂರ್ತಿ ತೊಂದರೆ ಕೊಡದೆ ಮಲಗಿರುತ್ತಿದ್ದ ಗಂಟುಗಳಿಗೂ ಕತ್ತಿ ಬಿತ್ತು. ಕನ್ನಡಿಯ ಮುಂದೆ ಕತ್ತು ಎತ್ತಿ ಒಂದು ಗುಟುಕು ನೀರು ನುಂಗಲಿ. ಗಂಟಲ ಮಣಿಯ ಕೆಳಗೆ ಏನಾದರೂ ಉಬ್ಬು ಮೇಲೆ ಹೋಗಿ ಇಳಿದರೆ, ದನಿ ಒಡೆದು ವಾರಗಟ್ಟಲೆ ಸರಿಹೋಗದಿದ್ದರೆ, ಆಗ ತೋರಿಸಿ. ಮಗಳಿಗೆ ಬಂದಿರುವ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಿ. ಮನೆಯಲ್ಲಿ ಇನ್ನೂ ಒಬ್ಬರಿಗೆ ಬಂದಿದ್ದರಂತೂ ಅವರ ಸಲಹೆ ಕೇಳಲೇಬೇಕು. ಗಂಟೆಂದರೆಲ್ಲ ಕ್ಯಾನ್ಸರಲ್ಲ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಏನೂ ಅಲ್ಲದವು. ನಿಮ್ಮ ಮಗಳಿಗೆ ಬಂದ ಪ್ಯಾಪಿಲರಿ ಬಗೆಯಲ್ಲಿ ಹತ್ತು ವರ್ಷದ ಮೇಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಬದುಕಿರುತ್ತಾರೆ.

ಯಾಕೆ ಬಂತು ಎಂದು ಕೇಳಿದರೆ, ಚಿಕ್ಕಂದಿನಲ್ಲಿ ಕತ್ತಿಗೆ ವಿಕಿರಣ ತಾಗುವುದು ಖಚಿತವಾಗಿ ಗೊತ್ತಿರುವ ಕಾರಣ. 1986ರ ಚೆರ್ನೋಬಿಲ್ ದುರಂತದ ನಂತರ ಅಲ್ಲಿನ ಮಕ್ಕಳಲ್ಲಿ ಅದು ಕಂಡಿತು. ವಂಶದ ಪಾಲೂ ಸ್ವಲ್ಪ ಇದೆ. ನಿಮ್ಮ ಸೌಟಿನ ಪಾಲು ಅದರಲ್ಲಿ ಇಲ್ಲ.

ಈ ಸಂಚಿಕೆ ಕೈಗೆ ಬಂದ ದಿನವೇ ಒಂದು ಕೆಲಸ ಮಾಡಿ. ಅಂಗಡಿಯಿಂದ ಅಯೋಡಿನ್ ಎಂದು ಬರೆದಿರುವ ಉಪ್ಪಿನ ಪ್ಯಾಕೆಟ್ ತರಿಸಿ, ಮುಚ್ಚಳ ಬಿಗಿಯಿರುವ ಡಬ್ಬಿಗೆ ಸುರಿಯಿರಿ. ಅದು ಸೊಸೆಗೂ ಉಳಿದವರಿಗೂ. ಮಗಳದು ಬೇರೆ ಡಬ್ಬಿ, ಮೇಲೆ ಅವರ ಹೆಸರು ಬರೆದು ಅಂಟಿಸಿ, ಡಾಕ್ಟರು ಸಾಕು ಎನ್ನುವ ದಿನದವರೆಗೆ. ಸೊಸೆ ಇಷ್ಟು ದಿನ ಯಾವ ಉಪ್ಪು ತಿಂದರು ಎಂಬುದನ್ನು ಅವರ ತಾಯಿ ಕಾರ್ಡ್ ಹಿಡಿದು ಹೋದಾಗ ಡಾಕ್ಟರಿಗೆ ಹೇಳಿ. ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಟಿಎಸ್‌ಎಚ್ ರಕ್ತಪರೀಕ್ಷೆ ಬೇಕೇ ಎಂದೂ ಕೇಳಿ. ಕೋಸು ಈ ವಾರದ ಸಂತೆಯಲ್ಲೇ ತರಬಹುದು.