ರಾಜಕೀಯ ಸಮಾಜಶಾಸ್ತ್ರ ಓದಲು ಯಾವ ಎಂಎ ಸೇರಬೇಕು?

ಹಾಸನದಲ್ಲಿ ರಾಜ್ಯಶಾಸ್ತ್ರ ಮತ್ತು ಸಮಾಜಶಾಸ್ತ್ರ ಎರಡನ್ನೂ ಓದಿ ಬಿಎ ಮುಗಿಸಿದ್ದೀರಿ. ರಾಜಕೀಯ ಸಮಾಜಶಾಸ್ತ್ರವನ್ನು ಮುಂದುವರಿಸಲು ಇವೆರಡರಲ್ಲಿ ಯಾವ ಎಂಎ ಸೂಕ್ತ, ಕನ್ನಡ ಮಾಧ್ಯಮದಿಂದ ಬಂದವರಿಗೆ ಅದು ಸಾಧ್ಯವೇ ಎಂದು ಕೇಳಿದ್ದೀರಿ. ನಾನು ಇದೇ ವಿಷಯದಲ್ಲಿ ಸಂಶೋಧನೆ ಮಾಡಿ ಈಗ ಚಿಕ್ಕಮಗಳೂರಿನಲ್ಲಿ ಸಮಾಜಶಾಸ್ತ್ರ ಬೋಧಿಸುತ್ತಿದ್ದೇನೆ. ನನ್ನ ಸಲಹೆ ಸ್ಪಷ್ಟ: ಸಮಾಜಶಾಸ್ತ್ರದ ಎಂಎ ಸೇರಿ.

ನಮ್ಮ ಕಡೆ ಈ ವಿಷಯ ಸಾಮಾನ್ಯವಾಗಿ ಪ್ರತ್ಯೇಕ ಪದವಿಯಾಗಿರದೆ ಎಂಎಯ ಒಂದು ಪತ್ರಿಕೆಯಾಗಿರುತ್ತದೆ. ಎರಡೂ ವಿಭಾಗಗಳಲ್ಲಿ ಅದು ಸಿಗಬಹುದಾದರೂ ಪ್ರಶ್ನೆ ಹುಟ್ಟುವ ಜಾಗ ಬೇರೆ. ರಾಜ್ಯಶಾಸ್ತ್ರ ಸಂವಿಧಾನ, ಶಾಸಕಾಂಗ, ಪಕ್ಷಗಳಿಂದ ಆರಂಭಿಸಿದರೆ, ರಾಜಕೀಯ ಸಮಾಜಶಾಸ್ತ್ರ ಭೂಮಿ ಯಾರದು, ಕೂಲಿ ಕೊಡುವವರು ಯಾರು, ಊರಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬಲ್ಲಿಂದ ಆರಂಭಿಸಿ ವಿಧಾನಸೌಧದವರೆಗೆ ಹೋಗುತ್ತದೆ. ವರ್ಗ, ಅಂತಸ್ತು, ಪಕ್ಷ ಈ ಮೂರೂ ಅಧಿಕಾರದ ಬೇರೆಬೇರೆ ಮೂಲಗಳು, ಒಂದನ್ನು ಇನ್ನೊಂದಕ್ಕೆ ಇಳಿಸಲಾಗದು ಎಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ವಿಂಗಡಿಸಿದ್ದು ಇಂದಿಗೂ ಕೆಲಸಕ್ಕೆ ಬರುತ್ತದೆ. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಕ್ಷೇತ್ರಕಾರ್ಯ ಮಾಡಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಮುಂದೆ ಕೊಟ್ಟ 'ಪ್ರಬಲ ಜಾತಿ' ಎಂಬ ಪರಿಕಲ್ಪನೆ ಜನಸಂಖ್ಯೆ, ಭೂಮಿ ಮತ್ತು ಸ್ಥಳೀಯ ಶ್ರೇಣಿಯಲ್ಲಿನ ಸ್ಥಾನವನ್ನು ಒಟ್ಟಿಗೆ ನೋಡುವುದನ್ನು ಕಲಿಸಿತು.

ಇದನ್ನು ನಿಮ್ಮ ಸುತ್ತಲಿನ ಪ್ರದೇಶಕ್ಕೆ ಹಚ್ಚಿ ನೋಡಿ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಪದ್ಧತಿ ಬಲವಾಗಿದ್ದ ಮಲೆನಾಡಿನಲ್ಲಿ ಎಷ್ಟೋ ಗದ್ದೆಗಳು ಒಡೆಯರಿಂದ ಗೇಣಿದಾರರಿಗೆ ಬಂದವು. ಆದರೆ ಅದೇ ಕಾಯ್ದೆ ಕಾಫಿ, ಟೀ, ರಬ್ಬರ್, ಏಲಕ್ಕಿ ತೋಟಗಳನ್ನು ಭೂಮಿತಿಯಿಂದ, ಅಂದರೆ ಹೊಂದಬಹುದಾದ ಜಮೀನಿನ ಗರಿಷ್ಠ ಮಿತಿಯಿಂದ, ಹೊರಗಿಟ್ಟಿತು. ಹಾಗಾಗಿ ಮೂಡಿಗೆರೆ ಅಥವಾ ಸಕಲೇಶಪುರದ ಒಂದೇ ಹೋಬಳಿಯಲ್ಲಿ ಗದ್ದೆಗೊಂದು ಚರಿತ್ರೆ, ತೋಟಕ್ಕೊಂದು ಚರಿತ್ರೆ. ಇದರ ಮೇಲೆ, 1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕರ ವಸತಿಯ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಕಾರ್ಮಿಕರ ಹಿತಕ್ಕಾಗಿಯೇ ಆದ ಈ ಏರ್ಪಾಟಿನಲ್ಲಿ ಕೆಲಸ ಹೋದರೆ ತೋಟದೊಳಗಿನ ಕಾರ್ಮಿಕರ ಸಾಲುಮನೆ, ಅಂದರೆ ಲೈನ್ ಮನೆಯೂ ಹೋಗುತ್ತದೆ. ಹೀಗೆ ದುಡಿಮೆಗೂ ಸೂರಿಗೂ ಒಬ್ಬರನ್ನೇ ಅವಲಂಬಿಸಿದವರು ಮತ ಹಾಕುವಾಗ, ಗ್ರಾಮಸಭೆಯಲ್ಲಿ ಬಾಯಿಬಿಡುವಾಗ ಎಷ್ಟು ಸ್ವತಂತ್ರರು? ಅಸ್ಸಾಮಿನಿಂದ ಬಂದು ತೋಟಗಳಲ್ಲಿ ದುಡಿಯುವವರ ಹೆಸರು ಯಾವ ಊರಿನ ಮತದಾರರ ಪಟ್ಟಿಯಲ್ಲಿದೆ, ಇಲ್ಲಿನ ಪಂಚಾಯಿತಿಗೆ ಅವರು ಯಾರು? ಅರಸೀಕೆರೆ, ಚನ್ನರಾಯಪಟ್ಟಣದ ಬಯಲುಸೀಮೆಯಲ್ಲಿ ಸ್ವಂತ ಜಮೀನು ಉಳುವ ಸಣ್ಣ ಹಿಡುವಳಿದಾರರ ರಾಜಕೀಯದ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಒಂದು ಪಿಎಚ್‌ಡಿಗೆ ಸಾಲುವಷ್ಟು ಕೆಲಸವಿದೆ. ನನಗೆ ಈ ವಿಷಯದ ಮೇಲಿರುವ ಮೋಹಕ್ಕೆ ಇಂಥ ಪ್ರಶ್ನೆಗಳೇ ಕಾರಣ.

1978ರ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯನ್ನು ಇಲ್ಲಿನ ಹಿರಿಯರು ಇಂದಿಗೂ ಇಂದಿರಾ ಗಾಂಧಿ ಮತ್ತು ವೀರೇಂದ್ರ ಪಾಟೀಲರ ಹಣಾಹಣಿಯಾಗಿ ನೆನೆಯುತ್ತಾರೆ. ಅದು ಸೊಗಸಾದ ಕಥೆ, ನಿಜ. ಆದರೆ ದೇವರಾಜ ಅರಸರ ಕಾಲದಲ್ಲಿ ಹಿಂದುಳಿದ ವರ್ಗಗಳು ಮತ್ತು ದಲಿತರ ನಡುವೆ ಕಟ್ಟಲಾದ ಮೈತ್ರಿ ಇಂದಿರಾ ಅವರಿಗೆ ಬಿದ್ದ ಮತಗಳ ಹಿಂದೆ ಎಷ್ಟಿತ್ತು ಎಂದು ಕೇಳುವುದು ನಿಮ್ಮ ಕೆಲಸವಾಗುತ್ತದೆ. ಹಾಗೆಯೇ ಹಾಲು ಉತ್ಪಾದಕರ ಸಂಘದ ಚುನಾವಣೆಯೂ ನಿಮಗೆ ರಾಜಕೀಯವೇ. ಜರ್ಮನಿಯ ಸಮಾಜವಾದಿ ಪಕ್ಷವನ್ನು ನೋಡಿ ಸಮಾಜಶಾಸ್ತ್ರಜ್ಞ ರಾಬರ್ಟ್ ಮಿಚೆಲ್ಸ್ 1911ರಲ್ಲಿ ಹೇಳಿದ್ದು, ಪ್ರಜಾಸತ್ತೆಯ ಹೆಸರಿನಲ್ಲಿ ಹುಟ್ಟಿದ ಸಂಘಟನೆಗಳೂ ಕೊನೆಗೆ ಕೆಲವರ ಕೈಗೇ ಸೇರುತ್ತವೆ ಎಂಬ ಮಾತನ್ನು. ನಿಮ್ಮೂರಿನ ಡೇರಿಯಲ್ಲಿ ಅದು ನಿಜವಾಗಿದೆಯೋ ಸುಳ್ಳಾಗಿದೆಯೋ ಎಂದು ನೀವೇ ಪರೀಕ್ಷಿಸಬಹುದು.

ಪರೀಕ್ಷಿಸಲು ವಿಧಾನ ಗೊತ್ತಿರಬೇಕು. ನಾನು ಸಮಾಜಶಾಸ್ತ್ರವನ್ನು ಸೂಚಿಸುವುದಕ್ಕೆ ಮುಖ್ಯ ಕಾರಣ ಇದೇ: ಕ್ಷೇತ್ರಕಾರ್ಯ, ಸಂದರ್ಶನ, ಸಮೀಕ್ಷೆ, ಸಂಖ್ಯಾಶಾಸ್ತ್ರದ ತರಬೇತಿಗೆ ಅಲ್ಲಿ ಸಾಮಾನ್ಯವಾಗಿ ಹೆಚ್ಚು ಜಾಗವಿದೆ. ಮತಗಟ್ಟೆವಾರು ಫಲಿತಾಂಶ 'ಫಾರಂ 20'ರಲ್ಲಿ ಯಾರಿಗಾದರೂ ಸಿಗುತ್ತದೆ. ಅದನ್ನು ಮುಂದಿಟ್ಟುಕೊಂಡು, ಒಂದು ಮತಗಟ್ಟೆಯಲ್ಲಿ ಒಂದು ಜಾತಿಯವರು ಹೆಚ್ಚಿದ್ದಾರೆ, ಅಲ್ಲಿ ಒಂದು ಪಕ್ಷಕ್ಕೆ ಹೆಚ್ಚು ಮತ ಬಿದ್ದಿದೆ, ಆದ್ದರಿಂದ ಆ ಜಾತಿಯವರೆಲ್ಲ ಅದಕ್ಕೇ ಹಾಕಿದ್ದಾರೆ ಎಂದು ತೀರ್ಮಾನಿಸುವ ಚಟ ಪತ್ರಿಕೆಗಳಲ್ಲಿಯೂ ಇದೆ, ಚಹಾದಂಗಡಿಗಳಲ್ಲಿಯೂ ಇದೆ. ಗುಂಪಿನ ಮೊತ್ತದಿಂದ ವ್ಯಕ್ತಿಯ ನಡೆಯನ್ನು ಹಾಗೆ ಊಹಿಸಲಾಗದೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬಿನ್ಸನ್ 1950ರಲ್ಲೇ ಲೆಕ್ಕ ಸಮೇತ ತೋರಿಸಿದರು. ಮನೆಮನೆಗೆ ಹೋಗಿ ಕೇಳುವ ಸಮೀಕ್ಷೆ ಬೇಕಾಗುವುದು ಇದಕ್ಕಾಗಿ. ಗಣಿತಕ್ಕೆ ಹೆದರಿ ಸಂಖ್ಯಾಶಾಸ್ತ್ರದ ಪತ್ರಿಕೆಯನ್ನು ಬಿಟ್ಟವರು ಸಂಶೋಧನೆಯಲ್ಲಿ ಇತರರ ಅಂಕಿಅಂಶಗಳನ್ನು ನಂಬಿಕೊಂಡಿರಬೇಕಾಗುತ್ತದೆ.

ಮಾಧ್ಯಮದ ವಿಚಾರ. ನಮ್ಮ ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಸಮಾಜ ವಿಜ್ಞಾನದ ಎಂಎ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ನನ್ನ ಒಳ್ಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಹಾಗೆ ಬರೆದವರೇ. ಆದರೆ ಮೂಲಗ್ರಂಥಗಳು ಬಹುಪಾಲು ಇಂಗ್ಲಿಷಿನಲ್ಲಿವೆ, ಕಾಲೇಜು ಬೋಧಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಎನ್‌ಇಟಿಯ ಸಮಾಜಶಾಸ್ತ್ರ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುತ್ತದೆ. ಆದ್ದರಿಂದ ಮೊದಲ ಸೆಮಿಸ್ಟರಿನಿಂದಲೇ ದಿನಕ್ಕೆ ಕೆಲವು ಪುಟಗಳನ್ನಾದರೂ ಇಂಗ್ಲಿಷಿನಲ್ಲಿ ಓದಿ, ಅದರ ವಾದವನ್ನು ಕನ್ನಡದಲ್ಲಿ ಬರೆದಿಡಿ. ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಲಾಗದಿದ್ದರೆ ಅದು ಅರ್ಥವಾಗಿಲ್ಲ ಎಂದೇ ತಿಳಿದು ಮತ್ತೆ ಓದಿ. ಇನ್ನು, ಕ್ಷೇತ್ರಕ್ಕೆ ಇಳಿದಾಗ ತೋಟದ ಲೈನಿನಲ್ಲಿ, ಸಂತೆಯಲ್ಲಿ ಜನ ಮಾತನಾಡುವ ಕನ್ನಡದ ಸೂಕ್ಷ್ಮ ಬಲ್ಲ ನೀವು, ದುಭಾಷಿಯನ್ನು ಕರೆತರುವ ಸಂಶೋಧಕರಿಗಿಂತ ಬಹಳ ಮುಂದಿರುತ್ತೀರಿ.

ಮೈಸೂರಿನ ಮಾನಸಗಂಗೋತ್ರಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಎರಡರಲ್ಲೂ ಸಮಾಜಶಾಸ್ತ್ರ ವಿಭಾಗಗಳಿವೆ. ಪಿಎಚ್‌ಡಿಯ ಹಂತಕ್ಕೆ ಬೆಂಗಳೂರಿನಲ್ಲಿ 1972ರಲ್ಲಿ ಸ್ಥಾಪನೆಯಾದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅರ್ಜಿ ಹಾಕುವ ಮುನ್ನ ಪ್ರತಿ ವಿಭಾಗದ ಪಠ್ಯಕ್ರಮ ತರಿಸಿ ಎರಡು ವಿಷಯ ನೋಡಿ: ರಾಜಕೀಯ ಸಮಾಜಶಾಸ್ತ್ರದ ಪತ್ರಿಕೆ ಆ ವರ್ಷ ನಿಜಕ್ಕೂ ಬೋಧನೆಯಲ್ಲಿದೆಯೇ, ಕೊನೆಯ ಸೆಮಿಸ್ಟರಿನಲ್ಲಿ ಕ್ಷೇತ್ರಾಧಾರಿತ ಕಿರುಪ್ರಬಂಧ ಬರೆಯಲು ಅವಕಾಶವಿದೆಯೇ. ಎರಡನೆಯದು ಇಲ್ಲದ ಕಡೆ, ಎಷ್ಟೇ ಹೆಸರಿದ್ದರೂ, ನಾನು ನಿಮ್ಮನ್ನು ಕಳುಹಿಸುವುದಿಲ್ಲ.