ಇಂಟರ್‌ವ್ಯೂನಲ್ಲಿ ಮನೆದೇವ್ರು ಯಾವುದು ಅಂತ ಯಾಕೆ ಕೇಳ್ತಾರೆ?

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದು ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ವಯಸ್ಸು, ಊರು, ಕೆಲಸದ ವಿವರಗಳನ್ನು ಬದಲಿಸಿದ್ದೇನೆ. ರಾಯಚೂರು ಜಿಲ್ಲೆ ಅನ್ನೋದನ್ನೂ ಅವರ ಜಾತಿಯನ್ನೂ ಬದಲಿಸಿಲ್ಲ. ಅವೆರಡನ್ನು ತೆಗೆದರೆ ಇಲ್ಲಿ ಹೇಳೋಕೆ ಏನೂ ಉಳಿಯಲ್ಲ.

ಗಂಡನಿಗೆ ಮೂವತ್ತರ ಆಸುಪಾಸು. ಮಾದಿಗ ಸಮುದಾಯ. ಅಪ್ಪ ರೈಸ್ ಮಿಲ್ಲಿನಲ್ಲಿ ಹಮಾಲಿ, ಅವ್ವ ಹತ್ತಿ ಬಿಡಿಸೋಕೆ, ಭತ್ತ ನಾಟಿ ಮಾಡೋಕೆ ಕೂಲಿ ಹೋಗುವವರು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರು ಇವರೊಬ್ಬರೇ. ಮೊರಾರ್ಜಿ ವಸತಿ ಶಾಲೆ, ಆಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ, ಫಸ್ಟ್ ಕ್ಲಾಸ್. ಈಗ ಒಂದು ಕಾರ್ಖಾನೆಯಲ್ಲಿ ಗುತ್ತಿಗೆದಾರರ ಕೆಳಗೆ ದುಡಿಯುತ್ತಾರೆ. ಮಾಡೋದು ಫಿಟ್ಟರ್ ಕೆಲಸ, ಸಂಬಳ ಹೆಲ್ಪರ್‌ದು. ಹೆಂಡತಿ ಪಿಯುಸಿ ಓದಿದ್ದಾರೆ. ಒಬ್ಬಳೇ ಮಗಳು, ಆರು ವರ್ಷ.

ನನ್ನ ಹತ್ತಿರ ಕರ್ಕೊಂಡು ಬಂದವರು ಹೆಂಡತಿಯೇ. "ಇವ್ರು ರಾತ್ರಿ ಮಕ್ಕೊಳ್ಳಂಗಿಲ್ರಿ ಮೇಡಂ, ನಡುರಾತ್ರಿ ಎದ್ದು ಕುಂದರ್ತಾರ. ಕೂಸಿಗಿ ಇಂಗ್ಲಿಷ್ ಹೇಳಿಕೊಡ್ತೀನಂತ ಕುಂತು ಹೊಡಿತಾರ್ರಿ" ಅಂದರು. ಗಂಡ ತಲೆ ತಗ್ಗಿಸಿ ಕೂತಿದ್ದರು. ಬಹಳ ಹೊತ್ತಾದ ಮೇಲೆ, "ನನ್ನಾಗೇ ಏನೋ ಕಮ್ಮಿ ಅದ ಮೇಡಂ, ಕಾನ್ಫಿಡೆನ್ಸ್ ಬರಂಗ ಏನರ ಹೇಳ್ರಿ" ಅಂದರು.

ಸಾಯೋ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿದೆ. ಇದನ್ನು ಸುತ್ತಿ ಬಳಸಿ ಕೇಳಬಾರದು. ಇದ್ದು ಏನು ಮಾಡೋದು ಅಂತ ಅನಿಸಿದೆ, ಆದರೆ ಅಂಥದ್ದೇನೂ ಮಾಡಿಕೊಳ್ಳೋಕೆ ಹೋಗಿಲ್ಲ ಅಂದರು. ಅವತ್ತೇ ಇಬ್ಬರ ಫೋನಿನಲ್ಲೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಸೇವ್ ಮಾಡಿಸಿದೆ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆಯ ವಿಷಯಕ್ಕೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟೆ.

ಆಮೇಲೆ ಅವರ ಮಾತು ಕೇಳುತ್ತಾ ಹೋದೆ.

ಕೆಲವು ವರ್ಷಗಳಿಂದ ಕಾಯಂ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇದ್ದಾರೆ. ಹೆಚ್ಚಿನವಕ್ಕೆ ಉತ್ತರವೇ ಬಂದಿಲ್ಲ. ಕರೆದ ಕಡೆಗಳಲ್ಲಿ ಒಂದನ್ನು ವಿವರವಾಗಿ ಹೇಳಿದರು. ಮೆಷಿನ್ ಬಗ್ಗೆ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಹೇಳಿದ್ದಾರೆ, ಎದುರು ಕೂತ ಎಂಜಿನಿಯರ್ ಖುಷಿಯಾಗಿ ತಲೆ ಆಡಿಸಿದ್ದಾರೆ. ಆಗ ಪಕ್ಕದಲ್ಲಿದ್ದ ಎಚ್‌ಆರ್ ಮಾತು ಶುರು ಮಾಡಿದರು. ಊರು ಯಾವುದು? ಊರಾಗ ಯಾವ ಓಣಿ? ಯಾರ ಪೈಕಿ ನೀವು? ಕೊನೆಗೆ, ಮನೆದೇವ್ರು ಯಾವುದು? ಜಾತಿ ಯಾವುದು ಅಂತ ಬಾಯಿ ಬಿಟ್ಟು ಕೇಳದೆ ತಿಳಿದುಕೊಳ್ಳೋ ದಾರಿ ಇದು. ಇವರು ಎಲ್ಲದಕ್ಕೂ ನಿಜ ಹೇಳಿದರು. ಅಲ್ಲಿಗೆ ಮಾತು ನಿಂತಿತು. ಹೇಳಿ ಕಳಿಸ್ತೀವಿ ಅಂದರು, ಹೇಳಿ ಕಳಿಸಲಿಲ್ಲ. ಆ ಕೆಲಸ ಇವರ ಕ್ಲಾಸಿನಲ್ಲೇ ಓದಿದ, ಇವರಿಗಿಂತ ಕಡಿಮೆ ಅಂಕ ತೆಗೆದವರೊಬ್ಬರಿಗೆ ಹೋಯಿತು. ಅವರ ಸೋದರಮಾವ ಅಲ್ಲೇ ಸೂಪರ್‌ವೈಸರ್.

ಇನ್ನೊಂದು ಮಗಳ ಶಾಲೆಯದು. ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಒಂದನೇ ತರಗತಿಗೆ ಸೇರಿಸೋಕೆ ಹೋದರು. ಫಾರಂನಲ್ಲಿ ತಂದೆ ತಾಯಿ ಏನು ಓದಿದ್ದಾರೆ, ಏನು ಕೆಲಸ, ಸ್ವಂತ ಮನೆಯೋ ಬಾಡಿಗೆಯೋ ಅಂತೆಲ್ಲ ಇತ್ತು. ಮಗಳನ್ನು ಕೂರಿಸಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ಆಮೇಲೆ ತಾಯಿಗೂ ಇಂಗ್ಲಿಷಿನಲ್ಲೇ ಮಾತಾಡಿ ಅಂದರು. ಆಕೆ ಕನ್ನಡದಲ್ಲಿ ಉತ್ತರ ಹೇಳಿದರು. ಸೀಟು ತುಂಬಿವೆ ಅಂದರು. ಮುಂದಿನ ವಾರ ಅದೇ ಓಣಿಯ ಇನ್ನೊಂದು ಮಗುವಿಗೆ ಅದೇ ಶಾಲೆಯಲ್ಲಿ ಸೀಟು ಸಿಕ್ಕಿತು. ಆ ಮಗುವಿನ ಅಪ್ಪ ಬ್ಯಾಂಕಿನಲ್ಲಿದ್ದಾರೆ.

ಇವರ ನಿದ್ದೆ ಹೋಗಿದ್ದು ಆ ದಿನದಿಂದ. ತಮಗೆ ಕೆಲಸ ಸಿಗದಿದ್ದಾಗ ಹೇಗೋ ತಡೆದುಕೊಂಡಿದ್ದರು. ಮಗಳೂ ತನ್ನ ಹಾಗೇ ಆಗ್ತಾಳೆ ಅಂತ ಅನಿಸಿದ ಮೇಲೆ ತಡೆಯಲಿಲ್ಲ. ದಿನಾ ಸಂಜೆ ಕೂಸನ್ನು ಕೂರಿಸಿಕೊಂಡು "ವಾಟ್ ಈಸ್ ಯುವರ್ ನೇಮ್" ಅಂತ ಶುರು ಮಾಡೋದು, ಅವಳು ತಡವರಿಸಿದರೆ ಹೊಡೆಯೋದು, ಆಮೇಲೆ ಹೊರಗೆ ಹೋಗಿ ಒಬ್ಬರೇ ಅಳೋದು.

ಇಲ್ಲಿ ಆಪ್ತಸಲಹೆ ಮಾಡುವವರು ಒಂದು ಆಯ್ಕೆ ಮಾಡಬೇಕಾಗುತ್ತದೆ. ಅವರು ಕೇಳಿದ್ದು ಕಾನ್ಫಿಡೆನ್ಸ್. ಕನ್ನಡಿ ಮುಂದೆ ನಿಂತು ಮಾತಾಡಿ, ಕಣ್ಣಲ್ಲಿ ಕಣ್ಣಿಟ್ಟು ಉತ್ತರ ಕೊಡಿ ಅಂತ ಹೇಳಿ ಕಳಿಸೋದು ಸುಲಭ. ಆದರೆ ಹಾಗೆ ಹೇಳಿದರೆ, ಹೌದಪ್ಪ ಕೊರತೆ ನಿನ್ನಲ್ಲೇ ಇದೆ ಅಂತ ನಾನೂ ಒಪ್ಪಿದ ಹಾಗಾಗುತ್ತದೆ. ಮುಂದಿನ ಸಲ ಕೆಲಸ ಸಿಗದಿದ್ದರೆ, ಇಷ್ಟೆಲ್ಲ ಕಲಿತರೂ ಆಗಲಿಲ್ಲವಲ್ಲ ಅಂತ ಇನ್ನೂ ಕುಸಿಯುತ್ತಾರೆ. ಹೊರಗೆ ಆಗುತ್ತಿರುವ ಅನ್ಯಾಯವನ್ನು ಒಬ್ಬರ ತಲೆಯೊಳಗಿನ ಕಾಯಿಲೆ ಅಂತ ಮಾಡಿ ಔಷಧಿ ಕೊಡೋದು ತಪ್ಪು. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಹಾಗಾಗಿ ಮೊದಲು ಅವರಿಗೆ ಒಂದು ಅಧ್ಯಯನದ ಬಗ್ಗೆ ಹೇಳಿದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅನ್ನುವ ಇಬ್ಬರು ಸಂಶೋಧಕರು 2005ರ ಅಕ್ಟೋಬರ್‌ನಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಕೆಲಸದ ಜಾಹೀರಾತುಗಳಿಗೆ ಅರ್ಜಿ ಕಳಿಸಿದರು. 548 ಜಾಹೀರಾತು, 4,808 ಅರ್ಜಿ. ಓದು, ಅನುಭವ ಎಲ್ಲ ಸಮ. ಬೇರೆ ಇದ್ದದ್ದು ಹೆಸರು ಮಾತ್ರ. ಒಂದು ಮೇಲ್ಜಾತಿಯ ಹಿಂದೂ ಹೆಸರು, ಒಂದು ದಲಿತ ಹೆಸರು, ಒಂದು ಮುಸ್ಲಿಂ ಹೆಸರು. ಸಂದರ್ಶನಕ್ಕೆ ಕರೆ ಬರುವ ಸಾಧ್ಯತೆ ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಸುಮಾರು ಮೂರರಲ್ಲಿ ಒಂದು ಪಾಲು ಇತ್ತು. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಇಂಥದ್ದೇ ಅಧ್ಯಯನದಲ್ಲಿ ಬಿಳಿಯರ ಹೆಸರಿದ್ದ ಅರ್ಜಿಗಳಿಗೆ ಕಪ್ಪು ಜನರ ಹೆಸರಿದ್ದ ಅರ್ಜಿಗಳಿಗಿಂತ ಶೇ 50ರಷ್ಟು ಜಾಸ್ತಿ ಕರೆ ಬಂದಿದ್ದವು.

ಅವರು ಬಹಳ ಹೊತ್ತು ಸುಮ್ಮನಿದ್ದರು. "ಅಂದ್ರ ಕಾಗದದ ಮ್ಯಾಲೆ ಇರೋ ಮನಷಾಗೂ ಹಿಂಗೇ ಮಾಡ್ಯಾರೇನ್ರಿ?" ಅಂತ ಕೇಳಿದರು. ಹೌದು ಅಂದೆ. ಆ ಅರ್ಜಿಗಳಲ್ಲಿದ್ದ ಜನ ಇರಲೇ ಇಲ್ಲ, ಅವರಿಗೆ ತಡವರಿಕೆ ಇರಲಿಲ್ಲ, ಅಂಜಿಕೆ ಇರಲಿಲ್ಲ, ಆದರೂ ಕರೆ ಕಡಿಮೆ ಬಂದವು.

ಅವರನ್ನು ನಿರಾಕರಿಸಿದ ಆ ಎಚ್‌ಆರ್ ಕೆಟ್ಟ ಮನುಷ್ಯ ಆಗಿರಲೇಬೇಕು ಅಂತೇನಿಲ್ಲ. ಗೊತ್ತಿರೋರ ಕಡೆಯವರಾದರೆ ನಂಬಿಕೆ ಅಂತ ಅವರು ಅಂದುಕೊಂಡಿರಬಹುದು. ಆದರೆ ಆ ಗೊತ್ತಿರೋರು ಯಾರು? ಮೂವತ್ತು ವರ್ಷದ ಹಿಂದೆ ಕಾರ್ಖಾನೆಯಲ್ಲಿ ಯಾರಿಗೆ ಕೆಲಸ ಸಿಕ್ಕಿತ್ತೋ ಅವರ ಮಕ್ಕಳು, ಅಳಿಯಂದಿರು. ಹಮಾಲಿಯ ಮಗನಿಗೆ ಅಲ್ಲಿ ಯಾವ ಸೋದರಮಾವ ಇರ್ತಾರೆ? ಶಾಲೆಯದೂ ಅಷ್ಟೇ. ಓದಿದ ತಂದೆ ತಾಯಿಯ ಮಕ್ಕಳನ್ನೇ ತಗೊಂಡರೆ ಓದು ಸಿಗದವರ ಮಕ್ಕಳಿಗೆ ಓದು ಸಿಗೋದು ಯಾವಾಗ? 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 59.56, ರಾಜ್ಯದ್ದು 75.36. ಹೆಣ್ಣುಮಕ್ಕಳದ್ದು ಇಲ್ಲಿ ಅರ್ಧಕ್ಕಿಂತ ಕಡಿಮೆ. ಇಂಥ ಜಿಲ್ಲೆಯಲ್ಲಿ ತಾಯಿಗೆ ಇಂಗ್ಲಿಷ್ ಬರುತ್ತಾ ಅಂತ ಕೇಳಿ ಮಗುವಿಗೆ ಸೀಟು ಕೊಡೋದು ಅಂದ್ರೆ ಯಾರನ್ನು ಹೊರಗೆ ನಿಲ್ಲಿಸಿದ ಹಾಗಾಯ್ತು, ನೀವೇ ಹೇಳಿ.

"ಮೀಸಲಾತಿ ಇದೆಯಲ್ಲ, ಇನ್ನೇನು ಬೇಕು" ಅನ್ನೋ ಮಾತು ಅವರಿಗೆ ಕಾರ್ಖಾನೆಯಲ್ಲಿ ದಿನಾ ಕೇಳಿಸುತ್ತದೆ. ಖಾಸಗಿ ಕಂಪನಿಯ ನೇಮಕಾತಿಗೆ ಮೀಸಲಾತಿ ಇಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ, 2013ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿ ಕೂಡ ಸರ್ಕಾರಿ ಕೆಲಸ ಮತ್ತು ಕಾಲೇಜು ಸೀಟುಗಳಿಗೆ ಸಂಬಂಧಿಸಿದ್ದು. ನಮ್ಮ ಭಾಗದ ಸಿ ಗ್ರೂಪ್ ಹುದ್ದೆಗಳಲ್ಲಿ ಶೇ 80, ಡಿ ಗ್ರೂಪಿನಲ್ಲಿ ಶೇ 85 ಸ್ಥಳೀಯರಿಗೆ ಅಂತ ಇದೆ. ಇದು ದೊಡ್ಡ ಅನುಕೂಲ, ಬೇಡ ಅನ್ನಲ್ಲ. ಆದರೆ ಕಾರ್ಖಾನೆ ಗೇಟಿನ ಮುಂದೆ ಸ್ಥಳೀಯರು ಅನ್ನೋ ಈ 371(ಜೆ) ಪ್ರಮಾಣಪತ್ರ ತೋರಿಸಿದರೆ ಪ್ರಯೋಜನ ಇಲ್ಲ.

ಇಷ್ಟು ಮಾತಾದ ಮೇಲೆ ಏನು ಮಾಡಬೇಕು ಅನ್ನೋದಕ್ಕೆ ಬಂದೆವು. ಬರೀ ವ್ಯವಸ್ಥೆ ಹಾಗಿದೆ ಅಂತ ಹೇಳಿ ಬಿಟ್ಟರೆ ಅದೂ ಅಪಾಯ. ನನ್ನದೇ ತಪ್ಪು ಅನ್ನೋ ಕಡೆಯಿಂದ, ಏನು ಮಾಡಿದರೂ ಅಷ್ಟೇ ಅನ್ನೋ ಕಡೆಗೆ ಮನಸ್ಸು ಜಾರುತ್ತದೆ.

ಒಂದು ನೋಟ್‌ಬುಕ್ ಇಡಿ ಅಂದೆ. ಯಾವ ಕಂಪನಿಗೆ ಯಾವತ್ತು ಅರ್ಜಿ ಹಾಕಿದ್ದು, ಏನು ಕೇಳಿದರು, ನೀವು ಏನು ಹೇಳಿದಿರಿ, ಎಲ್ಲ ಬರೆಯಿರಿ. ಪ್ರತಿಯೊಂದರ ಪಕ್ಕ, ಇದರಲ್ಲಿ ನಾನು ಕಲಿಯಬೇಕಾದ್ದು ಏನು, ನನಗೆ ಸಂಬಂಧವೇ ಇಲ್ಲದ್ದು ಏನು ಅಂತ ಬೇರೆ ಮಾಡಿ. ಅವರು ಬರೆದುಕೊಂಡು ಬಂದದ್ದು ನೋಡಿದರೆ ಎರಡು ಕಡೆ ನಿಜವಾಗಿಯೂ ಅವರಿಗೆ ಹೊಸ ವೆಲ್ಡಿಂಗ್ ಮೆಷಿನ್ ಗೊತ್ತಿರಲಿಲ್ಲ. ಅದನ್ನು ಕಲಿಯಬಹುದು, ಈಗ ಕಲಿಯುತ್ತಿದ್ದಾರೆ. ಉಳಿದವುಗಳಲ್ಲಿ ಕಲಿಯೋಕೆ ಏನೂ ಇರಲಿಲ್ಲ. ಇಷ್ಟು ದಿನ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ತಲೆ ಮೇಲೆ ಹೊತ್ತಿದ್ದರು.

ಮನೆದೇವ್ರ ಪ್ರಶ್ನೆ ಮತ್ತೆ ಬಂದರೆ ಏನು ಹೇಳಲಿ ಅಂತ ಕೇಳಿದರು. ಸುಳ್ಳು ಹೇಳಿ ಅಂತ ನಾನು ಹೇಳಲಿಲ್ಲ. ಜಾತಿ ಮುಚ್ಚಿಟ್ಟು ಕೆಲಸ ಮಾಡುವವರು ಯಾವಾಗ ಗೊತ್ತಾಗುತ್ತೋ ಅಂತ ದಿನಾ ಹೆದರಿಕೊಂಡೇ ಇರುವುದನ್ನು ಬೇರೆ ಪ್ರಕರಣಗಳಲ್ಲಿ ನೋಡಿದ್ದೇನೆ. "ಸರ್, ಅದು ಮನೆ ವಿಷಯ, ಕೆಲಸದ ಬಗ್ಗೆ ಏನು ಬೇಕಾದ್ರೂ ಕೇಳ್ರಿ" ಅಂತ ಸಮಾಧಾನವಾಗಿ ಹೇಳೋದನ್ನು ಇಬ್ಬರೂ ಕೂತು ಅಭ್ಯಾಸ ಮಾಡಿದೆವು. ಹೀಗೆ ಹೇಳಿದರೂ ಕೆಲಸ ಹೋಗಬಹುದು, ಅದನ್ನೂ ಹೇಳಿದೆ. ಹೇಳೋದು ಬಿಡೋದು ಅವರಿಗೆ ಬಿಟ್ಟದ್ದು.

ಕಾನೂನು? 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಅಸ್ಪೃಶ್ಯತೆಯ ಕಾರಣಕ್ಕೆ ಉದ್ಯೋಗಕ್ಕೆ ಅಡ್ಡಿ ಮಾಡೋದು ಅಪರಾಧ. ಆದರೆ ಹೇಳಿ ಕಳಿಸ್ತೀವಿ ಅಂತ ಹೇಳಿ ಸುಮ್ಮನಾದವರ ಮೇಲೆ ಏನು ಸಾಬೀತು ಮಾಡ್ತೀರಿ? ಹಾಗಾಗಿ ಕಂಪನಿಯ ವಿಷಯದಲ್ಲಿ ದೂರು ಕೊಡಿ ಅಂತ ನಾನು ಒತ್ತಾಯ ಮಾಡಲಿಲ್ಲ.

ಶಾಲೆಯ ವಿಷಯ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಪ್ರವೇಶಕ್ಕೆ ಮಗುವನ್ನಾಗಲೀ ತಂದೆ ತಾಯಿಯನ್ನಾಗಲೀ ಪರೀಕ್ಷೆ ಮಾಡಿ ಆರಿಸುವ ಹಾಗಿಲ್ಲ. ಮೊದಲ ಸಲ ಮಾಡಿದರೆ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲ 50,000 ರೂಪಾಯಿವರೆಗೆ ದಂಡ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸಲ್ಲ, ಈ ಶಾಲೆ ಅಂಥದ್ದಲ್ಲ. ಇದೇ ಕಾಯ್ದೆಯಲ್ಲಿ ಬಡ, ಹಿಂದುಳಿದ ಕುಟುಂಬದ ಮಕ್ಕಳಿಗೆ ಅಂತ ಇರುವ ಖಾಸಗಿ ಶಾಲೆಯ ಶೇ 25 ಉಚಿತ ಸೀಟು ಇವರಿಗೆ ಸಿಗುವ ಹಾಗಿರಲಿಲ್ಲ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಾಗಿಲ್ಲ ಅಂತ ರಾಜ್ಯ ಸರ್ಕಾರ ನಿಯಮ ಬದಲಿಸಿತು, 2019ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಇವರು ಫೀಸು ಕಟ್ಟೋಕೆ ತಯಾರಿದ್ದರು. ಫೀಸು ಕಟ್ಟುವವರನ್ನೂ ಹೀಗೆ ಸಂದರ್ಶನ ಮಾಡಿ ಕಳಿಸೋದು ಕಾನೂನಿಗೆ ವಿರುದ್ಧ.

ಇದು ಕೇಳಿದ್ದೇ ಹೆಂಡತಿ ಎದ್ದು ಕೂತರು. "ಅಂದ್ರ ತಪ್ಪು ಅವ್ರು ಮಾಡಿದ್ದು, ನಾಚಿಕಿ ನಾನು ಪಟ್ಟೀನಿ ನೋಡ್ರಿ!" ಅಂದರು. ಅರ್ಜಿ ಬರೆದವರು ಅವರೇ, ಕನ್ನಡದಲ್ಲೇ. ಶಾಲೆಯ ಫಾರಂನ ಫೋಟೋ ಫೋನಿನಲ್ಲಿತ್ತು, ಅದನ್ನೂ ಸೇರಿಸಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಸಹಿ ತಗೊಂಡರು. ಸ್ವೀಕೃತಿ ಇಲ್ಲದೆ ಯಾವ ಕಚೇರಿಯಲ್ಲೂ ಅರ್ಜಿ ಕೊಡಬೇಡಿ, ಇದು ಎಲ್ಲರಿಗೂ ಹೇಳ್ತೇನೆ. ಶಾಲೆಗೆ ನೋಟಿಸ್ ಹೋಯಿತು. ಅದು ಬರೀ ಪರಿಚಯದ ಮಾತುಕತೆ ಅಂತ ಶಾಲೆಯವರು ಉತ್ತರ ಕೊಟ್ಟರು. ದಂಡ ಆಗಿಲ್ಲ. ಒಂದು ಸೀಟು ಖಾಲಿಯಾಗಿದೆ ಬನ್ನಿ ಅಂತ ಫೋನ್ ಬಂತು.

ಹೋಗಬೇಕಾ ಬೇಡ್ವಾ ಅಂತ ನನ್ನನ್ನು ಕೇಳಿದರು. ಅಲ್ಲಿ ಮಗಳನ್ನು ಹೇಗೆ ನೋಡಿಕೊಳ್ಳಬಹುದು, ಬೇರೆ ಯಾವ ಶಾಲೆ ಇದೆ ಅಂತ ಎರಡೂ ಬರೆದು ನೋಡಿ ಅಂದೆ. ಕೊನೆಗೆ ಇಂಗ್ಲಿಷ್ ಮಾಧ್ಯಮ ವಿಭಾಗ ಇರುವ ಒಂದು ಸರ್ಕಾರಿ ಶಾಲೆಗೆ ಸೇರಿಸಿದರು. ಹೋರಾಡಿ ಗೆದ್ದ ಸೀಟು ಬಿಟ್ಟರು ಅಂತ ನೆಂಟರು ಬೈದರಂತೆ. ಆರು ವರ್ಷದ ಕೂಸನ್ನು ಹೋರಾಟಕ್ಕೆ ಕಳಿಸಬೇಕಾಗಿಲ್ಲ ಅನ್ನೋದು ಆ ತಾಯಿಯ ತೀರ್ಮಾನ, ನನಗೂ ಅದೇ ಸರಿ ಅನಿಸುತ್ತದೆ.

ಮಗಳ ವಿಷಯದಲ್ಲಿ ಮಾತ್ರ ನಾನು ಗಂಡನ ಹತ್ತಿರ ಖಡಾಖಂಡಿತವಾಗಿ ಮಾತಾಡಿದೆ. ಕಾರಣ ಏನೇ ಇರಲಿ, ಹೊಡೆಯೋದು ಅವತ್ತೇ ನಿಲ್ಲಬೇಕು. ಸಂಜೆಯ ಇಂಗ್ಲಿಷ್ ಪಾಠ ಕೆಲವು ತಿಂಗಳು ಪೂರ್ತಿ ಬಂದ್. ಆ ಹೊತ್ತಿನಲ್ಲಿ ಅವಳ ಜೊತೆ ಆಟ ಆಡಿ, ಇಲ್ಲಾಂದ್ರೆ ವಾಕಿಂಗ್ ಹೋಗಿ. ಅವಳ ಹತ್ತಿರ ಕೂತು, ನಾನು ಹೊಡೆದದ್ದು ತಪ್ಪು, ಆ ಶಾಲೆಯಲ್ಲಿ ನೀನು ಚೆನ್ನಾಗಿಯೇ ಹೇಳಿದ್ದೆ, ಹಾಗೆ ಕೇಳಿದ್ದು ಅವರ ತಪ್ಪು ಅಂತ ಹೇಳಿ. ಆರು ವರ್ಷದ ಮಗುವಿಗೆ ಜಾತಿಯ ಬಗ್ಗೆ ಈಗಲೇ ಎಲ್ಲ ಹೇಳಬೇಕಾ ಅಂತ ಕೇಳಿದರು. ಅವಳು ಕೇಳಿದಷ್ಟಕ್ಕೆ ನಿಜ ಹೇಳಿ, ಕೇಳದ್ದಕ್ಕೆ ಆತುರ ಬೇಡ ಅಂದೆ. ಆದರೆ ಅಂಬೇಡ್ಕರ್ ಫೋಟೋ ಮನೆಯಲ್ಲಿದೆ, ಅವರೂ ಶಾಲೆಯಲ್ಲಿ ಗೋಣಿಚೀಲದ ಮೇಲೆ ಬೇರೆ ಕೂರಬೇಕಾಗಿತ್ತು ಅನ್ನೋದನ್ನು ಕಥೆಯ ಹಾಗೆ ಹೇಳಬಹುದು.

371(ಜೆ) ಪ್ರಮಾಣಪತ್ರ ಅವರು ಮಾಡಿಸಿಯೇ ಇರಲಿಲ್ಲ. ಉಪವಿಭಾಗಾಧಿಕಾರಿ ಕಚೇರಿಯಿಂದ ಈಗ ಮಾಡಿಸಿಕೊಂಡಿದ್ದಾರೆ, ಡಿಪ್ಲೊಮಾ ಕೇಳುವ ಸರ್ಕಾರಿ ಹುದ್ದೆಗಳಿಗೂ ಅರ್ಜಿ ಹಾಕುತ್ತಿದ್ದಾರೆ. ಜೊತೆಗೆ ಅದೇ ಪಾಲಿಟೆಕ್ನಿಕ್‌ನಲ್ಲಿ ಓದಿದ, ಇದೇ ಅನುಭವ ಆದ ಕೆಲವರನ್ನು ಹುಡುಕಿ ಮಾತಾಡಿ ಅಂದಿದ್ದೆ. ಭಾನುವಾರ ಸೇರುತ್ತಾರಂತೆ, ಯಾವ ಕಂಪನಿಯಲ್ಲಿ ಖಾಲಿ ಇದೆ ಅನ್ನೋದು ಈಗ ಅವರವರಲ್ಲೇ ಗೊತ್ತಾಗುತ್ತದೆ.

ಕೆಲಸ ಇನ್ನೂ ಗುತ್ತಿಗೆಯದೇ. ರಾತ್ರಿ ಐದಾರು ತಾಸು ನಿದ್ದೆ ಬರುತ್ತಿದೆ. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ ಅಂತ ಮತ್ತೆ ಹೇಳಿದ್ದೇನೆ, ಮುಂದಿನ ತಿಂಗಳು ಇಬ್ಬರೂ ಬರುತ್ತಾರೆ.